ಔಷಧದ ಕೋಣೆಯ ಮುಂದೆ ನಿರ್ಮಲಾ

ಹೆಡ್ ಕಾನ್‌ಸ್ಟೆಬಲ್ ನಿರ್ಮಲಾ ಪೂಜಾರಿ ಹದಿನಾರು ವರ್ಷದ ನೌಕರಿಯಲ್ಲಿ ಯಾರ ಮೇಲೂ ಲಾಠಿ ಎತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಎತ್ತಿದ್ದಾಳೆ. ಆದರೆ ಲಾಠಿ ಎತ್ತಿದ ದಿನ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಮಾತಾಡಿ ಜಗಳ ಬಿಡಿಸಿದ ದಿನ ಒಂದು ರೊಟ್ಟಿ ಹೆಚ್ಚು ತಿನ್ನುತ್ತಾಳೆ. ಜಲನಗರದ ಮನೆಯಲ್ಲಿ ಅವಳ ಗಂಡ ಬುಟ್ಟಿಯಲ್ಲಿ ಉಳಿದ ರೊಟ್ಟಿ ನೋಡಿಯೇ ಆ ದಿನದ ಡ್ಯೂಟಿ ಹೇಗಾಯಿತೆಂದು ಹೇಳಿಬಿಡುತ್ತಾನೆ.

ಹುಟ್ಟಿದ ಊರು ಮಮದಾಪುರ. ಅಪ್ಪ ಬೀರಪ್ಪ ಕುರಿ ಕಾದು ಬದುಕಿದವನು. ಹತ್ತನೆಯ ಇಯತ್ತೆ ಮುಗಿಯುವವರೆಗೂ ರಜೆ ಬಂದರೆ ಅವಳು ಅಪ್ಪನ ಜೊತೆ ಕುರಿ ತಂಗುವ ಹಟ್ಟಿಯಲ್ಲೇ ಇರುತ್ತಿದ್ದಳು. ಆಮೇಲೆ ಪೊಲೀಸು ಭರ್ತಿಗೆ ಓಡಿದಳು, ಆಯ್ಕೆಯಾದಳು, ವಿಜಯಪುರಕ್ಕೆ ಬಂದಳು. ಕುರಿಯ ವಾಸನೆ ಸೀರೆಯಿಂದ ಹೋಯಿತು, ತಲೆಯಿಂದ ಹೋಗಲಿಲ್ಲ.

ಅವಳ ಹೆಸರು ಮೇಲಿನವರ ಕಿವಿಗೆ ಬಿದ್ದದ್ದು ಜೋರಾಪುರ ಪೇಟೆಯ ಒಂದು ಪ್ರಕರಣದಿಂದ. ಅಕ್ರಮ್ ಎಂಬ ತರುಣನೊಬ್ಬ ಮೂರಂತಸ್ತಿನ ಮಾಳಿಗೆಯ ಅಂಚಿಗೆ ನಿಂತು, ಯಾರಾದರೂ ಮೆಟ್ಟಿಲು ಹತ್ತಿದರೆ ಹಾರುತ್ತೇನೆ ಅಂದಿದ್ದ. ಕೆಳಗೆ ನಿಂತವರೆಲ್ಲ ಇಳಿ, ಇಳಿ ಎಂದು ಒದರುತ್ತಿದ್ದರು. ಮಾಳಿಗೆಯ ಮೇಲೆ ಪಾರಿವಾಳದ ಗೂಡು ಕಂಡ ನಿರ್ಮಲಾ, ಆ ಬಿಳಿ ಪಾರಿವಾಳದ ಕಾಲಿಗೆ ಏನಾಗಿದೆ ಎಂದು ಕೇಳಿದಳು. ಮುಂದೆ ಎರಡು ತಾಸು ಇಬ್ಬರೂ ಪಾರಿವಾಳದ ಮಾತೇ ಆಡಿದರು. ಇಳಿ ಎಂಬ ಶಬ್ದವನ್ನು ಅವಳು ಒಮ್ಮೆಯೂ ಆಡಲಿಲ್ಲ. ಅವನೇ ಇಳಿದು ಬಂದ.

ಮುಂದೆ ಇಲಾಖೆಯವರು ಜಿಲ್ಲೆಗೊಂದು ವಿಶೇಷ ತಂಡ ಕಟ್ಟಲು ಹೊರಟಾಗ ಅವಳನ್ನು ಕರೆದರು. ಒಂದೇ ತಂಡವೆಂದು ಕಾಗದದಲ್ಲಿ ಬರೆದಿದ್ದರೂ ಅದರಲ್ಲಿ ಎರಡು ಪಾಲು. ಒಂದು ನುಗ್ಗುವವರ ಪಾಲು: ಕಪ್ಪು ಉಡುಪು, ತಲೆಗೆ ಶಿರಸ್ತ್ರಾಣ, ಎದೆಗೆ ಗುಂಡು ತಡೆಯುವ ಕವಚ. ಬಾಗಿಲು ಒಡೆಯುವುದು, ಗೋಡೆಗೆ ಅಂಟಿಕೊಂಡು ಸರಿಯುವುದು, ಹೊಗೆಯೊಳಗೆ ಕಣ್ಣು ಬಿಟ್ಟು ನಡೆಯುವುದು ಅವರ ಅಭ್ಯಾಸ. ಇನ್ನೊಂದು ಮಾತಾಡುವವರ ಪಾಲು. ಇವರಿಗೆ ಆಯುಧವಿಲ್ಲ. ನುಗ್ಗುವವರಿಗೆ ಯಲ್ಲಾಲಿಂಗ ಎಂಬ ಇಪ್ಪತ್ತೊಂಬತ್ತರ ಸಬ್ ಇನ್‌ಸ್ಪೆಕ್ಟರ್ ಮುಂದಾಳು. ವಿಜಯಪುರ ಪೇಟೆಯಲ್ಲೇ ಬೆಳೆದವನು, ಕಬ್ಬಿಣದಂಥ ಮೈ, ನೇರ ಮನುಷ್ಯ. ಮಾತಾಡುವವರಲ್ಲಿ ನಿರ್ಮಲಾ ಮುಂದು. ಅವಳ ಬೆನ್ನಿಗೆ ಗೈಬುಸಾಬ ಎಂಬ ಹಿರಿಯ ಪೇದೆ. ನಿವೃತ್ತಿಗೆ ಮೂರೇ ವರ್ಷ ಉಳಿದಿದ್ದ ಆತನನ್ನು ಅವಳು ಚಾಚಾ ಅನ್ನುತ್ತಿದ್ದಳು.

ತರಬೇತಿ ಹನ್ನೆರಡು ದಿನ ನಡೆಯಿತು. ಪೊಲೀಸರ ಹಳೆಯ ವಸತಿಯ ಖಾಲಿ ಮನೆಗಳೇ ಪಾಠಶಾಲೆ. ಕಲಿಸಲು ಬಂದವರು ಬೆಂಗಳೂರಿನ ಕಡೆಯ ಒಬ್ಬ ನಿವೃತ್ತ ಅಧಿಕಾರಿ. ಮೊದಲ ದಿನವೇ ಅವರು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದರು: ಮಾತಾಡುವವರು ಅಪ್ಪಣೆ ಕೊಡಬಾರದು, ಅಪ್ಪಣೆ ಕೊಡುವವರು ಮಾತಾಡಬಾರದು. ಕಾರಣವನ್ನೂ ಹೇಳಿದರು. ಒಳಗಿರುವವನು ಏನಾದರೂ ಕೇಳಿದಾಗ, ಮಾತಾಡುವವರು ಮೇಲಿನವರನ್ನು ಕೇಳಿ ಬರುತ್ತೇನೆ ಅನ್ನಬೇಕು. ಕೇಳಿ ಬರುವಷ್ಟು ಹೊತ್ತು ಒಂದು ಜೀವ ಉಳಿದಿರುತ್ತದೆ.

ಒಬ್ಬರು ಮಾತಾಡಬೇಕು. ಇನ್ನೊಬ್ಬರು ಪಕ್ಕದಲ್ಲಿ ಕೂತು ಬರೀ ಕೇಳಬೇಕು, ಕೇಳಿದ್ದನ್ನು ಬರೆಯಬೇಕು, ಮೇಲಿನವರಿಗೆ ಸುದ್ದಿ ಮುಟ್ಟಿಸಬೇಕು. ಸುಳ್ಳು ಹೇಳಬಾರದು. ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಅನ್ನಬಾರದು. ಮನೆಯವರನ್ನು ಕರೆತಂದು ಮುಂದೆ ನಿಲ್ಲಿಸಬಾರದು. ಹೆಂಡತಿಯ ಅಳು ಕೇಳಿ ಕರಗುವವರಿಗಿಂತ ಕೆರಳುವವರು ಹೆಚ್ಚು. ತನ್ನ ಹೆಸರು ಹೇಳಬಹುದು, ಅಪ್ಪನ ಹೆಸರು, ಊರು, ಮನೆ ಹೇಳಬಾರದು.

"ಎದುರಿನವರ ಭಾವನೆಗೆ ನೀವೇ ಹೆಸರಿಡಿ. ನಿಮಗೆ ಸಿಟ್ಟು ಬಂದಿದೆ ಅನ್ನಿಸುತ್ತೆ, ಅನ್ನಿ," ಎಂದರು ಗುರುಗಳು.

ಗೈಬುಸಾಬ ಕೈ ಎತ್ತಿದ. "ಸಾಹೇಬ್ರ, ನಮ್ಮ ಕಡಿ ಸಿಟ್ಟಿಗೆದ್ದಾವಗ ನಿನಗ ಸಿಟ್ಟು ಬಂದೈತಿ ಅಂದ್ರ, ಮೊದಲ ಕಪಾಳಕ್ಕ ಬೀಳ್ತೈತ್ರಿ. ಮಾತು ಆಮ್ಯಾಲ."

ಎಲ್ಲರೂ ನಕ್ಕರು. ಗುರುಗಳೂ ನಕ್ಕು, "ಮತ್ತೆ ನೀವು ಏನಂತೀರಿ?" ಎಂದು ನಿರ್ಮಲಾಳತ್ತ ತಿರುಗಿದರು.

"ಯಾಕಣ್ಣಾ, ಹೊಟ್ಟ್ಯಾಗ ಭಾಳ ಉರಿಯಾಕತ್ತೈತೇನು ಅಂತೇವ್ರಿ. ಉರಿ ಅಂದ್ರ ಸಾಕು, ಅಂವಾನ ಹೇಳಾಕ ಸುರು ಮಾಡ್ತಾನ."

ಗುರುಗಳು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಒಂಬತ್ತನೆಯ ದಿನ ಒಂದು ತಕರಾರು ಹುಟ್ಟಿತು. ಅಣಕು ಕಾರ್ಯಾಚರಣೆಯಲ್ಲಿ ಗೈಬುಸಾಬ ಒಳಗೆ ಕೂತ ಅಪರಾಧಿಯಾಗಿದ್ದ. ಮಿರ್ಚಿ ಭಜಿ ಬೇಕೆಂದು ಹಟ ಹಿಡಿದು ನಿರ್ಮಲಾಳನ್ನು ಒಂದು ತಾಸು ಆಡಿಸಿದ. ಅವಳು ಅವನನ್ನು ಮಾತಿಗೆ ಹಚ್ಚಿ, ಹಿಂದೆ ಯಾರೂ ಇಲ್ಲ ಚಾಚಾ, ನಾನೊಬ್ಬಳೇ ಇದ್ದೇನೆ ಅನ್ನುವಷ್ಟರಲ್ಲಿ ಹಿಂಬಾಗಿಲಿನಿಂದ ಯಲ್ಲಾಲಿಂಗನ ಹುಡುಗರು ನುಗ್ಗಿ ಅವನನ್ನು ಕೆಡವಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ಮಲಾ ತಟ್ಟಲಿಲ್ಲ.

"ಸರ್, ನೀವು ಸರಿಯೂದು ನನಗ ಗೊತ್ತಿರಬೇಕ್ರಿ," ಎಂದಳು.

"ಗೊತ್ತಾದ್ರ ನಿಮ್ಮ ದನಿ ಸುಳಿವು ಕೊಡ್ತೈತಿ ಅಕ್ಕಾರ," ಎಂದ ಯಲ್ಲಾಲಿಂಗ. "ಹೇಳದಿದ್ರನ ಎಲ್ಲಾರಿಗೂ ಚಲೋ. ನನ್ನ ಹುಡುಗ್ರ ಜೀವದ ಪ್ರಶ್ನಿ."

"ನನಗ ಗೊತ್ತಿಲ್ದ ನಾ ಆಡಿದ್ದು ಸುಳ್ಳಾದ್ರ, ಸುಳ್ಳು ಹೇಳಿದಾಕಿ ಯಾರಾದ್ರು? ನಾನ. ಮುಂದ ಅಂವ ನನ್ನ ಮಾತ ಯಾಕ ಕೇಳ್ತಾನ?"

ಇಬ್ಬರದೂ ಸರಿ ಎಂದರು ಗುರುಗಳು. ನಿಮ್ಮ ಜಿಲ್ಲೆಗೆ ನೀವೇ ಕೂತು ತೀರ್ಮಾನಿಸಿ ಎಂದು ಹೇಳಿ ಹೋದರು. ಆ ತೀರ್ಮಾನ ಆಗಲೇ ಇಲ್ಲ. ಕಾಗದದಲ್ಲಿ ಸಂದರ್ಭಾನುಸಾರ ಎಂಬ ಶಬ್ದ ಬಿತ್ತು.

ಸಂದರ್ಭ ಬಂದದ್ದು ಮುಂದಿನ ಅಕ್ಟೋಬರಿನಲ್ಲಿ, ದ್ರಾಕ್ಷಿ ಬಳ್ಳಿಯ ಚಾಟ್ನಿ ನಡೆದಿದ್ದಾಗ. ಚಾಟ್ನಿ ಎಂದರೆ ಬಳ್ಳಿ ಸವರುವುದು. ಟಿಕೋಟಾದಿಂದ ಬಬಲೇಶ್ವರದವರೆಗೂ ತೋಟಗಳಲ್ಲಿ ಆ ದಿನಗಳಲ್ಲಿ ಕತ್ತರಿಯ ಸಪ್ಪಳವೇ ಸಪ್ಪಳ. ಕತ್ತರಿಸಿದ ಎಲೆ ಸಾಲುಗಳ ನಡುವೆ ಮೊಣಕಾಲೆತ್ತರ ಬೀಳುತ್ತದೆ. ಅಂಥ ಒಂದು ತೋಟದ ಉಸ್ತುವಾರಿ ಗುರಣ್ಣ, ಆ ಸೊಪ್ಪು ಮೇಯಿಸಲು ಅಮೋಘಸಿದ್ದ ಎಂಬ ಕುರಿಗಾರನನ್ನು ಕರೆದಿದ್ದ. ಸೊಪ್ಪಿಗೆ ಸೊಪ್ಪೂ ಖಾಲಿ, ತೋಟಕ್ಕೆ ಹಿಕ್ಕೆಯ ಗೊಬ್ಬರವೂ ಆಯಿತು. ಆದರೆ ಆ ಎಲೆಗೆ ಎರಡು ದಿನದ ಹಿಂದೆ ಕೀಟದ ಔಷಧ ಹೊಡೆದಿದ್ದರು. ಸಂಜೆಗೆ ಮೊದಲ ಕುರಿ ನೊರೆ ಕಾರಿ ಬಿತ್ತು. ಬೆಳಗಾಗುವುದರೊಳಗೆ ನಲವತ್ತಮೂರು ಸತ್ತಿದ್ದವು.

ಮುಂಜಾನೆ ಒಂಬತ್ತಕ್ಕೆ ತೋಟದ ಮಾಲಿಕರು ಕಳಿಸಿದ ಜೆಸಿಬಿ ಬಂದು, ಗುಂಡಿ ತೋಡಿ ಕುರಿ ಹೂಳಲು ನಿಂತಿತು. ಅದನ್ನು ಕಂಡದ್ದೇ ಅಮೋಘಸಿದ್ದ ಗುರಣ್ಣನ ಕೊರಳಪಟ್ಟಿ ಹಿಡಿದು ಔಷಧ ಇಡುವ ಕಲ್ಲಿನ ಕೋಣೆಗೆ ಎಳೆದೊಯ್ದು ಒಳಗಿನಿಂದ ಅಗಳಿ ಹಾಕಿದ. ಕೈಯಲ್ಲಿ ಟೊಂಗೆ ಕಡಿಯುವ ಕುಡಗೋಲು. ಕೋಣೆಯ ತುಂಬ ಔಷಧದ ಡಬ್ಬಿಗಳು. ನನ್ನ ಕುರಿ ಕೊಂದ ಔಷಧವನ್ನೇ ಇವನಿಗೂ ಕುಡಿಸುತ್ತೇನೆ, ಆಮೇಲೆ ನಾನೂ ಕುಡಿಯುತ್ತೇನೆ ಎಂದು ಕಿಟಕಿಯಿಂದ ಕೂಗಿದ.

ಹತ್ತೂವರೆಗೆ ತಂಡ ತಲುಪಿತು. ಮೇಲಧಿಕಾರಿಗಳು ರಸ್ತೆಯ ಮೇಲೆ ಜೀಪಿನಲ್ಲಿ ಕೂತರು, ಅಪ್ಪಣೆ ಅವರದು. ಊರ ಜನರನ್ನು ದೂರ ಸರಿಸಿ ಹಗ್ಗ ಕಟ್ಟಿದರು. ಕೋಣೆಯ ಮುಂದೆ ಬಯಲು ಅಂಗಳ, ಇಪ್ಪತ್ತೈದು ಹೆಜ್ಜೆಯಾಚೆ ಒಂದು ಟ್ರ್ಯಾಕ್ಟರ್ ಟ್ರೇಲರು. ಅದರ ಮರೆಯಲ್ಲಿ ನಿರ್ಮಲಾ ಮತ್ತು ಗೈಬುಸಾಬ ಕೂತರು. ಬಲಕ್ಕೆ ಬೇವಿನ ಗಿಡಗಳ ನೆರಳಲ್ಲಿ ಬದುಕುಳಿದ ನೂರಕ್ಕೂ ಹೆಚ್ಚು ಕುರಿಗಳು ಒತ್ತಾಗಿ ನಿಂತು ಮೆಲುಕು ಹಾಕುತ್ತಿದ್ದವು. ಕೋಣೆಯ ಬೆನ್ನಿಗೆ ಇನ್ನೂ ಸವರದ ಬಳ್ಳಿಯ ಸಾಲುಗಳು. ಯಲ್ಲಾಲಿಂಗ ಬಂದ ಕೂಡಲೇ ಮಾಡಿದ ಕೆಲಸವೆಂದರೆ ಅಮೋಘಸಿದ್ದನ ಎರಡು ನಾಯಿಗಳನ್ನು ಅವನ ಹೆಂಡತಿ ಸಾವಂತ್ರವ್ವನ ಕೈಯಲ್ಲಿ ಹಿಡಿಸಿ ರಸ್ತೆಯಾಚೆಗೆ ಕಳಿಸಿದ್ದು. ನಾಯಿ ಬೊಗಳಿದರೆ ಸುಳಿವು ಸಿಗುತ್ತದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ನಿರ್ಮಲಾ ದನಿ ಎತ್ತಿದಳು. "ಕಾಕಾ, ನನ್ನ ಹೆಸರು ನಿರ್ಮಲಾ ಅಂತ. ಪೊಲೀಸದಾಕಿ ಅದೀನಿ. ನಿಮ್ಮ ಜೋಡಿ ಮಾತಾಡಾಕ ಬಂದೇನಿ."

"ಮಾತ ಬ್ಯಾಡ. ಆ ಮಣ್ಣ ಎಳಿಯೂ ಗಾಡಿ ಹೊರಗ ಹಾಕು ಮೊದಲ."

"ನಲವತ್ತಮೂರು ಅಂದ್ರು. ಹೊಟ್ಟ್ಯಾಗ ಹ್ಯಾಂಗ ಉರದಿರಬೇಕು."

ಅವಳು ಕಾದಳು. ಕಾಯುವುದೂ ಕಲಿತ ಪಾಠವೇ. ಗೈಬುಸಾಬ ಹೊತ್ತು ನೋಡಿ ಬರೆದುಕೊಂಡ.

"ನಲವತ್ತಮೂರಲ್ಲ," ಎಂದಿತು ಒಳಗಿನ ದನಿ. "ಒಂಬತ್ತು ಗಬ್ಬ ಇದ್ದು. ಹೊಟ್ಟ್ಯಾಗಿನವು ಯಾರ ಲೆಕ್ಕ?"

ಅಲ್ಲಿಂದ ಅವನು ಹೇಳುತ್ತ ಹೋದ. ಔಷಧ ಹೊಡೆದಿದೆಯೇನೆಂದು ಎರಡು ಸಲ ಕೇಳಿದ್ದೆ, ಇಲ್ಲ ಅಂದ ಇವ. ಈಗ ಹೂಳಲು ಗಾಡಿ ಕಳಿಸಿದ್ದಾರೆ. ಹೂತರೆ ಮುಗಿಯಿತು, ರೋಗ ಬಂದು ಸತ್ತವು ಅನ್ನುತ್ತಾರೆ. ಯಾವ ಡಾಕ್ಟರೂ ಕೊಯ್ದು ನೋಡುವುದಿಲ್ಲ, ಯಾರೂ ಕಾಗದ ಬರೆಯುವುದಿಲ್ಲ. ಕುರಿಗಾರನ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

"ಅಂದ್ರ ಕಾಕಾ, ಹೂಳಬಾರದು. ಡಾಕ್ಟರ್ ಬಂದು ಕೊಯ್ದು ನೋಡಬೇಕು. ಇಷ್ಟ ಅಲ್ಲ?"

"ಇಷ್ಟ."

"ಅದು ನನ್ನ ಕೈಯಾಗಿಲ್ಲ. ಮ್ಯಾಲಿನವ್ರನ್ನ ಕೇಳಿಸ್ತೇನಿ."

ಗೈಬುಸಾಬ ಬಗ್ಗಿ ಓಡಿದ. ಹತ್ತು ನಿಮಿಷಕ್ಕೆ ತೇಕುತ್ತ ಬಂದು ಅವಳ ಕೈಗೆ ಜೆಸಿಬಿಯ ಕೀಲಿ ಇಟ್ಟ. ಪಶುವೈದ್ಯರಿಗೆ ಫೋನು ಹೋಗಿತ್ತು, ವಿಜಯಪುರದಿಂದ ಹೊರಟಿದ್ದರು. ನಿರ್ಮಲಾ ಎದ್ದು ನಿಂತು ಕೀಲಿಯನ್ನು ಎತ್ತಿ ತೋರಿಸಿದಳು. ಕಿಟಕಿಯ ಸರಳುಗಳ ಹಿಂದೆ ಮೊದಲ ಸಲ ಒಂದು ಮುಖ ಕಂಡಿತು: ಬಿಳಿ ಗಡ್ಡ, ನಿದ್ದೆಯಿಲ್ಲದ ಕೆಂಪು ಕಣ್ಣು, ಪಕ್ಕದಲ್ಲಿ ಗುರಣ್ಣನ ಕೊರಳಿಗೆ ಹಿಡಿದ ಕುಡಗೋಲು.

ಅಷ್ಟು ಹೊತ್ತಿಗೆ ಗುರಣ್ಣ ಕೆಮ್ಮತೊಡಗಿದ. ಎಳೆದಾಟದಲ್ಲಿ ಒಂದು ಡಬ್ಬಿ ಚೆಲ್ಲಿತ್ತು. ತಗಡಿನ ಸೂರು ಕಾದಂತೆ ಕೋಣೆಯೊಳಗಿನ ವಾಸನೆ ಟ್ರೇಲರಿನವರೆಗೂ ಬಂತು.

"ಯಕ್ಕಾ, ಉಸರ ಆಡವಲ್ತು," ಎಂದು ಒಳಗಿನಿಂದ ಗುರಣ್ಣ ಒದರಿದ. "ಬಿಡಿಸ್ರೆವ್ವಾ ನನ್ನ."

"ಸುಮ್ನಿರಲೇ. ನನ್ನ ಕುರಿಗೆ ಎಷ್ಟ ತಾಸ ಉಸರ ಆಡ್ಲಿಲ್ಲ ಗೊತ್ತೈತೇನ ನಿನಗ?"

"ಕಾಕಾ," ಎಂದಳು ನಿರ್ಮಲಾ, "ವಾಸನಿ ನಿಮ್ಮ ಎದಿಗೂ ಹತ್ತತೈತಿ. ಬಾಗಲಾ ಒಂದೀಟ ತಗೀರಿ. ಗಾಳಿ ಆಡ್ಲಿ. ನೀವು ಹೊರಗ ಬರೂದು ಬ್ಯಾಡ."

"ಬಾಗಲಾ ತಗದ್ರ ನಿಮ್ಮಂದಿ ನುಗ್ಗತಾರ."

"ಯಾರೂ ನುಗ್ಗಂಗಿಲ್ಲ. ನಿಮ್ಮ ಹತ್ರ ಯಾರೂ ಬಂದಿಲ್ಲ ಕಾಕಾ. ನಾನು, ಈ ಚಾಚಾ, ಇಬ್ಬರ ಇಲ್ಲಿ ಕುಂತೇವಿ."

ಅವಳು ನಂಬಿಯೇ ಆಡಿದ ಮಾತದು. ಆದರೆ ರಸ್ತೆಯಲ್ಲಿ ಬೇರೆ ಕೆಲಸ ನಡೆದಿತ್ತು. ಅಂಬುಲೆನ್ಸಿನ ಡಾಕ್ಟರು, ಈ ವಾಸನೆಯಲ್ಲಿ ಇನ್ನು ಅರ್ಧ ತಾಸಿಗಿಂತ ಹೆಚ್ಚು ಬಿಡಬಾರದು ಎಂದಿದ್ದರು. ಮೇಲಧಿಕಾರಿಗಳು ಯಲ್ಲಾಲಿಂಗನಿಗೆ ಹಿಂದಿನಿಂದ ಸರಿಯಲು ಅಪ್ಪಣೆ ಕೊಟ್ಟರು. ಅವನೂ ಮೂವರು ಹುಡುಗರೂ ಬಳ್ಳಿಯ ಸಾಲಿನಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಕೋಣೆಯ ಬೆನ್ನಿಗೆ ಹದಿನೈದು ಹೆಜ್ಜೆ ಹತ್ತಿರ ಬಂದಿದ್ದರು. ಕಲಿತದ್ದನ್ನು ಚೆನ್ನಾಗಿಯೇ ಮಾಡಿದರು. ಒಂದು ಎಲೆಯ ಸಪ್ಪಳವೂ ಆಗಲಿಲ್ಲ. ಟ್ರೇಲರಿನ ಹತ್ತಿರದವರಿಗೂ ಗೊತ್ತಾಗಲಿಲ್ಲ.

ಅಗಳಿ ಅಲ್ಲಾಡಿದ ಸದ್ದಾಯಿತು. ಬಾಗಿಲು ನಾಲ್ಕು ಬೆರಳಷ್ಟು ಸಂದಾಯಿತು.

ಆಗ ಬೇವಿನ ಗಿಡದ ಕೆಳಗಿನ ಕುರಿಗಳು ಮೆಲುಕು ನಿಲ್ಲಿಸಿದವು. ಮೊದಲು ಒಂದು ಮುದಿ ಕುರಿ ತಲೆ ಎತ್ತಿತು. ಅದರ ಹಿಂದೆ ಹತ್ತು, ಆಮೇಲೆ ಅಷ್ಟೂ. ನೂರಕ್ಕೂ ಹೆಚ್ಚು ತಲೆಗಳು ಒಂದೇ ಕಡೆಗೆ, ಕೋಣೆಯ ಹಿಂದಿನ ಬಳ್ಳಿಯ ಸಾಲಿನತ್ತ ತಿರುಗಿ, ಕಿವಿ ಮುಂದೆ ಮಾಡಿ ನಿಂತುಬಿಟ್ಟವು. ನಾಯಿಗಳನ್ನು ನೆನಪಿಟ್ಟು ಹೊರಹಾಕಿದ ಪೇಟೆಯ ಹುಡುಗ ಕುರಿಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತೋಳ ಬಂದಾಗ, ಕಳ್ಳ ಬಂದಾಗ ಹಿಂಡು ನಿಲ್ಲುವ ರೀತಿಯದು. ಕುರಿ ಕಾದವರಿಗೆ ಅದಕ್ಕಿಂತ ದೊಡ್ಡ ಗಂಟೆ ಬೇಕಿಲ್ಲ.

ನಿರ್ಮಲಾ ನೋಡಿದಳು. ಬಾಗಿಲ ಸಂದಿನ ಮುಖವೂ ನೋಡಿತು. ಬಾಗಿಲು ಧಡ್ ಎಂದು ಮುಚ್ಚಿತು.

"ಸುಳ್ಳ ಹೇಳಿದಿ," ಎಂದ ಅಮೋಘಸಿದ್ದ. ಕೂಗಲಿಲ್ಲ. ಒಳಗೆ ಡಬ್ಬಿಯ ಮುಚ್ಚಳ ತಿರುಗಿಸುವ ಸದ್ದು, ಗುರಣ್ಣ ಬ್ಯಾಡೋ ಬ್ಯಾಡೋ ಎಂದು ಹೊರಳಾಡುವ ಸದ್ದು.

ನಿರ್ಮಲಾಳ ಮುಂದೆ ಎರಡೇ ದಾರಿ. ಇಲ್ಲ ಕಾಕಾ, ಯಾರೂ ಇಲ್ಲ ಎಂದು ಇನ್ನೊಮ್ಮೆ ಹೇಳಬಹುದಿತ್ತು. ಆ ಅರೆಗಳಿಗೆಯಲ್ಲಿ ಯಲ್ಲಾಲಿಂಗ ಬಾಗಿಲು ಒಡೆಯಬಹುದಿತ್ತು. ಒಡೆಯುವುದರೊಳಗೆ ಗುರಣ್ಣನ ಗಂಟಲಲ್ಲಿ ಔಷಧ ಇಳಿದಿರುತ್ತಿತ್ತು. ಅವಳು ಟ್ರೇಲರಿನ ಮರೆಯಿಂದ ಹೊರಗೆ ಬಂದು ಅಂಗಳದಲ್ಲಿ ನಿಂತಳು.

"ಹೌದು ಕಾಕಾ, ಹಿಂದ ಮಂದಿ ಅದಾರ. ನನಗ ಗೊತ್ತಿರಲಿಲ್ಲ. ನಿಮಗ ಯಾರು ಹೇಳಿದ್ರೋ, ನನಗೂ ಅವ ಹೇಳಿದವು. ಅಗೋ, ಆ ಮುದಿ ಕುರಿ ಮೊದಲ ತಲಿ ಎತ್ತಿತು."

ಮುಚ್ಚಳದ ಸದ್ದು ನಿಂತಿತು.

ಕುರಿಗಾರರಲ್ಲಿ ಒಂದು ಪದ್ಧತಿಯಿದೆ. ಹಟ್ಟಿಗೆ ಬರುವವರು ಸದ್ದಿಲ್ಲದೆ ಬರುವಂತಿಲ್ಲ. ಕೂಗಳತೆಯಲ್ಲಿ ನಿಂತು ತನ್ನ ಹೆಸರು, ಅಪ್ಪನ ಹೆಸರು, ಊರು ಕೂಗಿ ಹೇಳಬೇಕು. ಹೇಳದೆ ಬಂದವನು ಕಳ್ಳ, ಅವನಿಗೆ ಕೊಡಲಿಯೇಟು ಬಿದ್ದರೂ ಕೇಳುವವರಿಲ್ಲ. ಹೇಳಿ ಬಂದವನ ಮೇಲೆ ಹಟ್ಟಿಯವನು ಕೈ ಎತ್ತುವಂತಿಲ್ಲ. ಇದು ಯಾವ ತರಬೇತಿಯ ಗೋಡೆಯ ಮೇಲೂ ಬರೆದದ್ದಲ್ಲ.

ನಿರ್ಮಲಾ ಬಳ್ಳಿಯ ಕಡೆಗೆ ತಿರುಗಿ ಕೂಗಿದಳು. "ಯಲ್ಲಾಲಿಂಗ ಸರ್, ಎದ್ದ ನಿಂದರ್ರಿ. ನಿಮ್ಮ ಹೆಸರು, ನಿಮ್ಮ ಅಪ್ಪನ ಹೆಸರು, ಊರು ಕೂಗಿ ಹೇಳ್ರಿ. ನಿಮ್ಮ ಹುಡುಗರೂ ಹೇಳ್ಲಿ. ಹಟ್ಟಿಗೆ ಬಂದೀರಿ."

ಬಳ್ಳಿಯಲ್ಲಿ ಯಾರೂ ಏಳಲಿಲ್ಲ. ಯಲ್ಲಾಲಿಂಗನ ಕಿವಿಯ ಯಂತ್ರದಲ್ಲಿ ಮೇಲಧಿಕಾರಿಗಳು, ಅವಳಿಗೇನು ತಲೆ ಕೆಟ್ಟಿದೆಯೇ ಎಂದದ್ದು ಅವನಿಗಷ್ಟೇ ಕೇಳಿತು. ಎದ್ದು ನಿಂತರೆ ಇಷ್ಟು ಹೊತ್ತು ತೆವಳಿದ್ದು ಮಣ್ಣುಪಾಲು. ನಿಲ್ಲದಿದ್ದರೆ ಏನಾಗುತ್ತದೆಂದು ಅವನಿಗೂ ಒಳಗಿನ ಸದ್ದಿನಿಂದ ತಿಳಿದಿತ್ತು. ಮುಂದೆ ಅವನೇ ಹೇಳಿದ ಪ್ರಕಾರ, ಅವನ ಜೀವಮಾನದಲ್ಲಿ ಅಷ್ಟು ಉದ್ದದ ನಿಮಿಷ ಇನ್ನೊಂದು ಬಂದಿಲ್ಲ.

ಬಳ್ಳಿಯ ನಡುವಿನಿಂದ ಕಪ್ಪು ಉಡುಪಿನ ಮನುಷ್ಯ ಎದ್ದ. ಬಂದೂಕನ್ನು ಬೆನ್ನಿಗೆ ಸರಿಸಿ, ಶಿರಸ್ತ್ರಾಣ ತೆಗೆದ.

"ಯಲ್ಲಾಲಿಂಗ," ಎಂದು ಕೂಗಿದ. "ಅಂಬಾದಾಸನ ಮಗ. ಊರು ವಿಜಯಪುರ."

ಅವನ ಹಿಂದೆ ಒಬ್ಬೊಬ್ಬರೇ ಎದ್ದು ಕೂಗಿದರು. ಕುರಿಗಳು ಅವರನ್ನು ಕಂಡು, ಮನುಷ್ಯರೇ ಎಂದು ಖಾತ್ರಿಯಾದ ಹಾಗೆ, ಒಂದೊಂದಾಗಿ ತಲೆ ಇಳಿಸಿದವು.

ಒಳಗಿನಿಂದ ಮಾತು ಬಂತು. "ನೀ ಹೇಳಲಿಲ್ಲ. ಬರೇ ನಿರ್ಮಲಾ ಅಂದಿ."

ಹೇಳಬಾರದೆಂಬ ಕಟ್ಟಳೆ ಅವಳಿಗೆ ನೆನಪಿತ್ತು. "ಬೀರಪ್ಪನ ಮಗಳು. ಊರು ಮಮದಾಪುರ. ಕೆರಿ ಮ್ಯಾಲಿನ ಹಟ್ಟಿ."

"ನನಗ ಗೊತ್ತಿಲ್ಲ ಆ ಬೀರಪ್ಪ."

"ಇರ್ಲಿ ಬಿಡ್ರಿ. ಹೇಳೂದು ನನ್ನ ಕೆಲಸ."

ಅಗಳಿ ಸರಿಯಿತು. ಗುರಣ್ಣ ಮೊಣಕಾಲೂರಿಕೊಂಡು ಹೊರಗೆ ಬಿದ್ದ. ಗಲ್ಲದ ತುಂಬ ಔಷಧದ ಕಲೆ, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಇಬ್ಬರು ಅವನನ್ನು ಎತ್ತಿಕೊಂಡು ಅಂಬುಲೆನ್ಸಿಗೆ ಓಡಿದರು. ಬಾಗಿಲು ಮತ್ತೆ ಮುಚ್ಚಿತು.

ರಸ್ತೆಯಲ್ಲಿ ಜನ ಮುಗಿಯಿತೆಂದು ನಿಟ್ಟುಸಿರು ಬಿಟ್ಟರು. ನಿರ್ಮಲಾ ಬಿಡಲಿಲ್ಲ. ಸೆರೆಯಲ್ಲಿದ್ದವನು ಹೊರಬಂದ ಮೇಲೆ ಒಳಗೆ ಉಳಿದವನು ತನ್ನ ಮೇಲೆಯೇ ತಿರುಗುವ ಹೊತ್ತದು. ಡಬ್ಬಿ ಇನ್ನೂ ಅವನ ಕೈಯಲ್ಲಿತ್ತು.

"ಕಾಕಾ, ನೀವೂ ಬರ್ರಿ."

"ನಾ ಬಂದ ಏನ ಮಾಡ್ಲಿ? ಬೇಡಿ ಹಾಕ್ತೀರಿ."

"ಹಾಕ್ತಾರ. ಅದನ್ನ ಇಲ್ಲ ಅನ್ನಂಗಿಲ್ಲ ನಾ."

"ಮತ್ಯಾಕ ಬರ್ಲಿ? ಹೋಗ ತಂಗಿ. ನಿನ್ನ ಕೆಲಸ ಆತು."

ಆ ಹೊತ್ತಿಗೆ ಪಶುವೈದ್ಯೆ ಸುವರ್ಣಾ ಬಂದಿಳಿದರು. ಅಂಗಳದ ಎಡಕ್ಕೆ ಬಿದ್ದಿದ್ದ ಸತ್ತ ಕುರಿಗಳ ನಡುವೆ ಓಡಾಡಿ, ತಲೆ ಅಲ್ಲಾಡಿಸುತ್ತ ಟ್ರೇಲರಿನ ಹತ್ತಿರ ಬಂದರು. "ನಲವತ್ತಮೂರನ್ನೂ ಕೊಯ್ಯಾಕ ಆಗಂಗಿಲ್ರಿ. ಮೊದಲ ಬಿದ್ದದ್ದು, ನಡಕಿಂದು, ಕಡೀಕ ಬಿದ್ದದ್ದು, ಮೂರು ಬೇಕು. ಯಾವುದು ಯಾವಾಗ ಬಿತ್ತು ಯಾರಿಗೆ ಗೊತ್ತು?"

ನಿರ್ಮಲಾ ಕೋಣೆಯತ್ತ ನೋಡಿದಳು. "ಅವರಿಗೊಬ್ಬರಿಗೇ ಗೊತ್ತ್ರಿ. ಇಲ್ಲಿಂದನ ಕೇಳ್ರಿ ಮೇಡಂ. ನನ್ನ ಪಕ್ಕಕ್ಕ ನಿಂದರ್ರಿ."

ವೈದ್ಯೆ ಗಂಟಲು ಸರಿಪಡಿಸಿಕೊಂಡು ಕೂಗಿದರು. "ಅಜ್ಜಾರ, ಮೊದಲ ಯಾವ ಕುರಿ ಬಿತ್ರಿ?"

ಕಿಟಕಿಯಲ್ಲಿ ಮುಖ ಬಂತು. "ಕರಿ ಕಿವಿದು."

"ಕರಿ ಕಿವಿವು ಒಂಬತ್ತ ಅದಾವ್ರಿ."

"ಎಡಗಿವಿ ಸೀಳಿದ್ದು."

"ಇದಾ?" ವೈದ್ಯೆ ಒಂದರ ಹತ್ತಿರ ಹೋಗಿ ನಿಂತರು.

"ಅದಲ್ಲ. ಅದು ಟಗರು. ಟಗರ ಯಾವುದು, ಕುರಿ ಯಾವುದು ಗೊತ್ತಾಗಂಗಿಲ್ಲೇನ ನಿಮಗ? ಡಾಕ್ಟರ್ ಅಂತೀರಿ."

"ಉಬ್ಬಿ ಬಿದ್ದಾವ್ರೀ ಎಲ್ಲಾ. ಇದಾ ಹಂಗಾರ?"

"ಯವ್ವಾ, ಬ್ಯಾರೇ ಕುರಿ ಕೊಯ್ದು ನನ್ನ ಹೊಟ್ಟಿಗೆ ಮಣ್ಣ ಹಾಕ್ತೀ ನೀ." ಒಳಗೆ ಡಬ್ಬಿ ನೆಲಕ್ಕೆ ಇಟ್ಟ ಸದ್ದು. ಬಾಗಿಲು ತೆರೆಯಿತು. ಅಮೋಘಸಿದ್ದ ಬರಿಗೈಯಲ್ಲಿ ಹೊರಗೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಪೊಲೀಸರ ಕಡೆ ತಿರುಗಿಯೂ ನೋಡದೆ ನೇರ ಸತ್ತ ಕುರಿಗಳತ್ತ ನಡೆದ. "ಸರೀರಿ. ತೋರಸ್ತೇನಿ."

ಯಲ್ಲಾಲಿಂಗ ಬೇಡಿ ಹಿಡಿದು ಮುಂದೆ ಬಂದ. ನಿರ್ಮಲಾ ಕೈ ಅಡ್ಡ ಮಾಡಿದಳು. ಅವನು ನಿಂತ. ಒಂದು ತಾಸಿನವರೆಗೆ ಕೈಯಲ್ಲಿ ಬೇಡಿ ಹಿಡಿದೇ, ಆ ಮುದುಕನ ಮೂರು ಹೆಜ್ಜೆ ಹಿಂದೆ ನಡೆದ. ಮುದುಕ ಒಂದೊಂದರ ಹತ್ತಿರ ಬಗ್ಗಿ ಯಾವುದು ಯಾವ ಹೊತ್ತಿಗೆ ಬಿತ್ತು ಹೇಳಿದ, ವೈದ್ಯೆ ಬರೆದುಕೊಂಡರು. ಕೊಯ್ದದ್ದನ್ನು ಬಾಟಲಿಗೆ ತುಂಬಿ ಅರಗು ಹಾಕಿದ ಮೇಲೆ ಅವನಾಗಿಯೇ ಕೈ ಮುಂದೆ ಮಾಡಿದ.

ನಿರ್ಮಲಾಳಿಗೆ ಮೆಮೋ ಬಂತು. ಕಾರ್ಯಾಚರಣೆಯ ಗುಟ್ಟು ಹೊರಗೆಡವಿದ್ದು ಒಂದು, ಅಪ್ಪನ ಹೆಸರು ಊರು ಹೇಳಿದ್ದು ಎರಡು. ಮಾಡಿದ್ದೇನೆ ಎಂದು ಬರೆದುಕೊಟ್ಟಳು. ಯಲ್ಲಾಲಿಂಗನೂ ಯಾರೂ ಕೇಳದೆ ಒಂದು ಕಾಗದ ಬರೆದ: ನಾಯಿಗಳನ್ನು ಸರಿಸಿ ಕುರಿಗಳನ್ನು ಮರೆತದ್ದು ನನ್ನ ತಪ್ಪು. ಎರಡೂ ಕಾಗದ ಒಂದೇ ಫೈಲಿನಲ್ಲಿವೆ, ತೀರ್ಮಾನವಾಗಿಲ್ಲ. ಗುರಣ್ಣ ವಾರಕ್ಕೆ ಆಸ್ಪತ್ರೆಯಿಂದ ಬಂದ. ಔಷಧ ಹೊಡೆದದ್ದು ಗೊತ್ತಿತ್ತು, ಎರಡು ದಿನದಲ್ಲಿ ಆರಿರುತ್ತದೆ ಅಂದುಕೊಂಡಿದ್ದೆ ಎಂದು ಹೇಳಿಕೆ ಕೊಟ್ಟ. ಅವನ ಮೇಲೂ ತೋಟದವರ ಮೇಲೂ ಒಂದು ಪ್ರಕರಣ, ಅಮೋಘಸಿದ್ದನ ಮೇಲೆ ಒಂದು ಪ್ರಕರಣ. ಎರಡರಲ್ಲೂ ಮೊದಲ ಸಾಕ್ಷಿ ನಿರ್ಮಲಾ.

ಸಾಕ್ಷಿಯ ದಿನ ಹತ್ತಿರ ಬಂದಾಗ ಸಾವಂತ್ರವ್ವ ಜಲನಗರದ ಮನೆ ಹುಡುಕಿಕೊಂಡು ಬಂದಳು. ಚಹಾ ಕೊಟ್ಟರೆ ಬಟ್ಟಲನ್ನು ಮುಟ್ಟದೆ ಕೂತಳು.

"ಕುಡಗೋಲಿಂದು ಹೇಳಬ್ಯಾಡ ಯವ್ವಾ. ಹಟ್ಟಿ ಮಗಳ ಇದ್ದೀ."

"ಕೊರಳಿಗೆ ಕುಡಗೋಲ ಹಿಡದಿದ್ದು ಖರೇ ಅವ್ವಾ. ಅದನ್ನ ಹೇಳ್ತೇನಿ. ತಾವಾಗೇ ಬರಿಗೈಲೆ ಹೊರಗ ಬಂದಿದ್ದೂ ಖರೇ. ಅದನ್ನೂ ಹೇಳ್ತೇನಿ."

"ಎರಡನೇದ್ದ ಮೊದಲ ಹೇಳ್ತೀಯೇನ?"

"ಅವರು ಕೇಳಿದ ಪರಕಾರ ಹೇಳಬೇಕಾಗ್ತೈತಿ."

ಸಾವಂತ್ರವ್ವ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು, ಬಬಲೇಶ್ವರದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.